ಸ್ಕ್ಯಾಗ್ವೇ: ನಡೆದವರು ಕಟ್ಟಿದ ಊರು

ಅಲಾಸ್ಕದ ಕರಾವಳಿಯನ್ನು ಹಿಡಿದು ಉತ್ತರಕ್ಕೆ ಸಾಗುವ ವಿಹಾರನೌಕೆಗಳಲ್ಲಿ, ಹಡಗು ಮುಂದಿನ ರೇವನ್ನು ಮುಟ್ಟುವುದಕ್ಕೆ ಹಿಂದಿನ ಸಂಜೆ, ಒಂದು ಮೇಜಿನ ಮುಂದೆ ಜನ ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ದಡಕ್ಕಿಳಿದ ಮೇಲೆ ಯಾವ ರೈಲನ್ನು ಹತ್ತಬೇಕು, ಯಾವ ಬಸ್ಸಿನಲ್ಲಿ ಕೂರಬೇಕು, ಹೆಲಿಕಾಪ್ಟರಿನಲ್ಲಿ ಹಾರಿ ಯಾವ ಹಿಮನದಿಯ ಮೇಲೆ ಇಳಿಯಬೇಕು ಎಂಬುದನ್ನೆಲ್ಲ ಅಲ್ಲಿ ಗಂಟೆಯ ಲೆಕ್ಕದಲ್ಲಿ ಮಾರುತ್ತಾರೆ. ಕೊಂಡವರಿಗೆ ಒಂದು ಟಿಕೆಟ್ಟು, ಒಂದು ಗುಂಪಿನ ಸಂಖ್ಯೆ, ಎದೆಗೆ ಅಂಟಿಸಿಕೊಳ್ಳಲು ಒಂದು ಬಣ್ಣದ ಚೀಟಿ ದೊರೆಯುತ್ತವೆ. ಆ ಸಾಲಿಗೆ ಸೇರದೆ, ಸುಮ್ಮನೆ ಇಳಿದು ಕಾಲ್ನಡಿಗೆಯಲ್ಲಿ ಊರನ್ನು ನೋಡಿಬರುತ್ತೇನೆಂದು ಹೊರಡುವವನನ್ನು ಸಹಪ್ರಯಾಣಿಕರು ಕೊಂಚ ಮರುಕದಿಂದಲೇ ನೋಡುವುದುಂಟು. ಈ ಮರುಕ ಬೇರೆ ಕೆಲವು ರೇವುಗಳಲ್ಲಿ ಸಕಾರಣವಾಗಿದ್ದೀತು. ಸ್ಕ್ಯಾಗ್ವೇಯ ಮಟ್ಟಿಗೆ ಮಾತ್ರ ಅದು ಅಸ್ಥಾನದಲ್ಲಿ ತೋರಿದ ಕರುಣೆ. ಏಕೆಂದರೆ ಈ ಊರು ಹುಟ್ಟಿದ್ದೇ ನಡೆಯುವವರಿಗಾಗಿ. ಇಲ್ಲಿನ ಬೀದಿ, ಇಲ್ಲಿನ ಸ್ಮಶಾನ, ಇಲ್ಲಿನ ಬೆಟ್ಟದ ಹಾದಿಗಳು ಇವತ್ತಿಗೂ ಮನುಷ್ಯನ ಹೆಜ್ಜೆಯ ಅಳತೆಯಲ್ಲಿಯೇ ಉಳಿದುಕೊಂಡಿವೆ.

ಲಿನ್ ಕೆನಾಲ್ ಎಂಬ ಕಡಲಕಂದರದ ಉತ್ತರದ ತುದಿಯಲ್ಲಿ ಸ್ಕ್ಯಾಗ್ವೇ ಇದೆ. ಹಿಮನದಿಗಳು ಯುಗಯುಗಾಂತರಗಳಲ್ಲಿ ಬಂಡೆಯನ್ನು ಕೊರೆದು ಮಾಡಿದ ಕಣಿವೆಗೆ ಸಮುದ್ರ ನುಗ್ಗಿ ನಿಂತಿರುವ ಈ ಜಲಮಾರ್ಗ ಸುಮಾರು 140 ಕಿಲೋಮೀಟರ್ ಉದ್ದ, ಕೆಲವೆಡೆ 600 ಮೀಟರಿಗೂ ಮೀರಿ ಆಳ. ಆ ಆಳದ ದೆಸೆಯಿಂದಲೇ, ಹತ್ತು ಹನ್ನೆರಡು ಅಂತಸ್ತಿನ ಮಹಾನೌಕೆಗಳು ಕೂಡ ಊರಿನ ಮುಖ್ಯಬೀದಿಯ ಬುಡಕ್ಕೆ ಬಂದು ನಿಲ್ಲಲು ಸಾಧ್ಯವಾಗಿದೆ. ಬೀದಿಯ ನಡುವೆ ನಿಂತು ದಕ್ಷಿಣಕ್ಕೆ ನೋಡಿದರೆ, ಮರದ ಕಿರುಮನೆಗಳ ಸಾಲು ಮುಗಿಯುವಲ್ಲಿ ಸಮುದ್ರ ಕಾಣುವುದರ ಬದಲು, ಆ ಮನೆಗಳನ್ನೆಲ್ಲ ಕುಬ್ಜಗೊಳಿಸುವ ಒಂದು ಬಿಳಿಯ ಗೋಡೆ ಕಾಣಿಸುತ್ತದೆ. 2020ರ ಜನಗಣತಿಯ ಪ್ರಕಾರ ಇಲ್ಲಿನ ನಿವಾಸಿಗಳು 1,240 ಮಂದಿ. ಬೇಸಗೆಯಲ್ಲಿ ಮೂರು ನಾಲ್ಕು ಹಡಗುಗಳು ಒಟ್ಟಿಗೆ ತಂಗಿದ ದಿನ ಬಂದಿಳಿಯುವವರು ಹತ್ತು ಸಾವಿರವನ್ನು ಮೀರುತ್ತಾರೆ. ಇಷ್ಟು ಜನ ಬೆಳಗ್ಗೆ ಬಂದು ಸಂಜೆಗೆ ಹೊರಟುಹೋಗುವ ಊರಿನಲ್ಲಿ ಏಕಾಂತವೆಲ್ಲಿಂದ ಬರಬೇಕು ಎಂದು ಕೇಳಬಹುದು. ಬೀದಿಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಹತ್ತು ನಿಮಿಷ ನಡೆದರೆ ಸಾಕು, ಅದು ಸಿಗುತ್ತದೆ.

ಊರಿನ ಕಥೆಯನ್ನು ಅರಿಯದೆ ಊರನ್ನು ನಡೆದು ನೋಡುವುದು ಅರ್ಧ ಕೆಲಸವಾದೀತು. 1887ರಲ್ಲಿ ವಿಲಿಯಂ ಮೂರ್ ಎಂಬ ಅರವತ್ತೈದು ವಯಸ್ಸಿನ ಹಡಗಿನ ಕಪ್ತಾನನೊಬ್ಬ, ಒಳನಾಡಿನ ಯೂಕಾನ್ ಸೀಮೆಯಲ್ಲಿ ಇಂದಲ್ಲ ನಾಳೆ ಚಿನ್ನ ಸಿಕ್ಕೇ ಸಿಗುತ್ತದೆ, ಆಗ ಜನ ಈ ಕಣಿವೆಯ ಮೂಲಕವೇ ಹೋಗಬೇಕಾಗುತ್ತದೆ ಎಂದು ಲೆಕ್ಕಹಾಕಿ, ಮಗ ಬೆನ್‌ನೊಡನೆ ಇಲ್ಲಿ ಜಮೀನು ಹಿಡಿದು, ಮರದ ದಿಮ್ಮಿಗಳ ಗುಡಿಸಲೊಂದನ್ನು ಕಟ್ಟಿ, ಹಡಗುಕಟ್ಟೆಯನ್ನೂ ನಿರ್ಮಿಸಿ, ಕಾದು ಕುಳಿತ. ಅವನ ಲೆಕ್ಕ ನಿಜವಾಯಿತು. 1896ರ ಆಗಸ್ಟಿನಲ್ಲಿ ಆ ಸೀಮೆಯ ಕ್ಲಾಂಡೈಕ್ ನದಿಯ ಒಂದು ಉಪನದಿಯಲ್ಲಿ ಚಿನ್ನ ಕಂಡಿತು. ಮರುವರ್ಷದ ಜುಲೈನಲ್ಲಿ ಆ ಚಿನ್ನವನ್ನು ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸಿಯಾಟಲ್ ರೇವುಗಳನ್ನು ಮುಟ್ಟಿದವು. ಅದೇ ತಿಂಗಳು ಮುಗಿಯುವುದರೊಳಗೆ ಚಿನ್ನದ ಆಸೆಗೆ ಬಿದ್ದವರ ಮೊದಲ ತಂಡಗಳು ಮೂರನ ಕಟ್ಟೆಯಲ್ಲಿ ಬಂದಿಳಿದವು. ಅವರು ಮುದುಕನ ಹಕ್ಕುಪತ್ರವನ್ನು ಲೆಕ್ಕಿಸಲಿಲ್ಲ. ಅವನ ಜಮೀನಿನಲ್ಲಿಯೇ ಡೇರೆ ಹೊಡೆದರು, ನಿವೇಶನಗಳನ್ನು ಗುರುತುಮಾಡಿಕೊಂಡರು, ನೇರವಾದ ಬೀದಿಗಳನ್ನು ಎಳೆದರು. ಬೀದಿಗೆ ಅವನ ಮನೆ ಅಡ್ಡ ಬಂದುದರಿಂದ ಮನೆಯನ್ನೇ ಪಕ್ಕಕ್ಕೆ ಸರಿಸಬೇಕೆಂದರು. ವರ್ಷಗಳ ಕಾಲ ವ್ಯಾಜ್ಯ ನಡೆದು ಕಡೆಗೆ ಅವನಿಗೆ ಪರಿಹಾರವೇನೋ ದೊರೆಯಿತು. ದೂರದೃಷ್ಟಿಯುಳ್ಳವನಿಗೆ ಲೋಕ ಕೊಡುವ ಪ್ರತಿಫಲ ಯಾವಾಗಲೂ ಅವನು ಎಣಿಸಿದ ರೂಪದಲ್ಲಿಯೇ ಬರುವುದಿಲ್ಲ. ಮೂರನ ಆ ಗುಡಿಸಲೂ, ಪಕ್ಕದಲ್ಲಿ ಮಗ ಕಟ್ಟಿಸಿದ ಮನೆಯೂ ಮುಖ್ಯಬೀದಿಯಿಂದ ಒಂದು ಗಲ್ಲಿಯಾಚೆ ಇಂದಿಗೂ ಇವೆ. ಹಡಗಿನಿಂದಿಳಿದವರಲ್ಲಿ ಹೆಚ್ಚು ಮಂದಿ ಅಲ್ಲಿಗೆ ಹೋಗುವುದಿಲ್ಲ.

ಹಡಗಿನ ಕಟ್ಟೆಯಿಂದ ಬ್ರಾಡ್‌ವೇ ಎಂಬ ಮುಖ್ಯಬೀದಿಗೆ ಹತ್ತು ಹದಿನೈದು ನಿಮಿಷದ ಸಮತಟ್ಟಾದ ನಡಿಗೆ. ಎರಡನೆಯ ಅಡ್ಡರಸ್ತೆಯಲ್ಲಿರುವ ಹಳೆಯ ರೈಲುನಿಲ್ದಾಣದ ಕಟ್ಟಡವೇ ಈಗ ಕ್ಲಾಂಡೈಕ್ ಚಿನ್ನದ ಧಾವಂತದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಮಾಹಿತಿಕೇಂದ್ರ. 1976ರಲ್ಲಿ ಸ್ಥಾಪಿತವಾದ ಈ ಉದ್ಯಾನವೆಂದರೆ ಹೂವಿನ ತೋಟವಲ್ಲ; ಊರಿನ ಹಳೆಯ ಕಟ್ಟಡಗಳೂ ಬೆಟ್ಟದಾಚೆಯ ಹಾದಿಗಳೂ ಸೇರಿ ಆಗಿರುವ ಒಂದು ಸಂರಕ್ಷಿತ ಪ್ರದೇಶ. ಸ್ವತಂತ್ರವಾಗಿ ಹೊರಟವನು ಮೊದಲು ಹೋಗಬೇಕಾದುದು ಇಲ್ಲಿಗೆ. ಕಾಲುಹಾದಿಗಳ ನಕ್ಷೆ ಇಲ್ಲಿ ಸಿಗುತ್ತದೆ; ಕರಡಿ ಯಾವ ಹಾದಿಯಲ್ಲಿ ಕಾಣಿಸಿಕೊಂಡಿದೆ, ಯಾವ ಹಾದಿ ಕೆಸರಾಗಿದೆ ಎಂಬುದನ್ನು ಮೇಜಿನ ಹಿಂದಿರುವ ಅರಣ್ಯಸಿಬ್ಬಂದಿ ಸಾವಧಾನವಾಗಿ ಹೇಳುತ್ತಾರೆ; ಅವರೇ ಊರಿನೊಳಗೆ ಕರೆದುಕೊಂಡು ಹೋಗಿ ವಿವರಿಸುವ ನಡಿಗೆಗಳೂ ಉಂಟು.

ಆ ಕಟ್ಟಡದಿಂದ ಹೊರಬಂದು ನಾಲ್ಕು ಹೆಜ್ಜೆ ಹೋದರೆ ಆರ್ಕ್‌ಟಿಕ್ ಬ್ರದರ್‌ಹುಡ್ ಎಂಬ ಸಂಘದ ಸಭಾಭವನ. ಚಿನ್ನಕ್ಕೆಂದು ಹೊರಟವರು ಪರಸ್ಪರ ಸಹಾಯಕ್ಕಾಗಿ 1899ರಲ್ಲಿ ಕಟ್ಟಿಕೊಂಡ ಸಂಘ ಇದು. ಈ ಭವನದ ಮುಖಕ್ಕೆ ಬಣ್ಣವಿಲ್ಲ, ಗಾರೆಯಿಲ್ಲ. ಕಡಲು ದಡಕ್ಕೆ ತಂದೆಸೆದ ಒಣಕಡ್ಡಿಗಳನ್ನು ಆಯ್ದು, ಕತ್ತರಿಸಿ, ಎಂಟು ಸಾವಿರಕ್ಕೂ ಮೀರಿ ತುಂಡುಗಳನ್ನು ಒಂದೊಂದಾಗಿ ಮೊಳೆಹೊಡೆದು ಕೂಡಿಸಿದ್ದಾರೆ. ದೂರದಿಂದ ಇದು ಯಾವುದೋ ಮಹಾಪಕ್ಷಿಯ ಗೂಡಿನಂತೆ ಅಸ್ತವ್ಯಸ್ತವಾಗಿ ತೋರುತ್ತದೆ. ಹತ್ತಿರ ಹೋದರೆ, ಮೊಣಕೈಯುದ್ದದ ಬೂದುಬಣ್ಣದ ಕಡ್ಡಿಗಳು ಕೆಲವೆಡೆ ಉದ್ದಕ್ಕೆ, ಕೆಲವೆಡೆ ಅಡ್ಡಕ್ಕೆ, ಕಿಟಕಿಯ ಸುತ್ತ ಓರೆಯಾಗಿ ಸಾಗಿ ಬಗೆಬಗೆಯ ವಿನ್ಯಾಸಗಳನ್ನು ಮಾಡಿರುವುದು, ಸಂಘದ ಹೆಸರಿನ ಎರಡಕ್ಷರಗಳು ಕಡ್ಡಿಗಳಲ್ಲಿಯೇ ಮೂಡಿರುವುದು, ಮೇಲೆ ನೆತ್ತಿಯಲ್ಲಿ ಚಿನ್ನ ಜಾಲಿಸುವ ತಟ್ಟೆಯೊಂದು ಕೆತ್ತನೆಯಾಗಿರುವುದು ಕಾಣುತ್ತವೆ. ಬಸ್ಸಿನ ಕಿಟಕಿಯಿಂದ ಇದರ ಛಾಯಾಚಿತ್ರ ತೆಗೆಯಬಹುದು. ಕಡ್ಡಿಗಳನ್ನು ಎಣಿಸಬೇಕೆನ್ನುವ ಹುಚ್ಚು ಹಿಡಿಯಬೇಕಾದರೆ ಮುಂದೆ ನಿಲ್ಲಬೇಕು.

ಬ್ರಾಡ್‌ವೇಯ ಉಳಿದ ಭಾಗವನ್ನು ಕುರಿತು ನನಗೆ ಅಷ್ಟು ಉತ್ಸಾಹವಿಲ್ಲ. ಹಲಗೆಯ ಕಾಲುದಾರಿ, ಎತ್ತರದ ಸುಳ್ಳುಮುಖಗಳನ್ನು ಹೊತ್ತ ಅಂಗಡಿಗಳು, ಹಳೆಯ ಪಾನಗೃಹಗಳು ಇವೆಲ್ಲ ಚೆಲುವಾಗಿಯೇ ಇವೆ. ಆದರೆ ಬಹುಪಾಲು ಆಭರಣದ ಮಳಿಗೆಗಳು, ಉಣ್ಣೆಯಂಗಿ ಮತ್ತು ನೆನಪಿನ ಕಾಣಿಕೆಗಳ ಮಳಿಗೆಗಳು. ಚಿನ್ನವನ್ನು ಹುಡುಕಿಕೊಂಡು ಜನ ಈ ಬೀದಿಯನ್ನು ದಾಟಿಹೋದ ಕಾಲವೊಂದಿತ್ತು. ಈಗ ಚಿನ್ನವೇ ಜನರನ್ನು ಹುಡುಕಿಕೊಂಡು ಬಂದು ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿದೆ. ಹಡಗುಗಳ ಕಾಲ ಮುಗಿದು ಶರತ್ಕಾಲ ಬಂತೆಂದರೆ ಈ ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲಿಕ್ಕುತ್ತವೆ.

ಬೀದಿಯನ್ನು ಹಾಗೆಯೇ ಬಿಟ್ಟು ಪೂರ್ವಕ್ಕೆ ತಿರುಗಿ, ರೈಲುಕಂಬಿಗಳನ್ನು ದಾಟಿದ ಕೂಡಲೇ, ಲೋಯರ್ ಡ್ಯೂಯಿ ಎಂಬ ಸರೋವರಕ್ಕೆ ಹೋಗುವ ಹಾದಿ ಆರಂಭವಾಗುತ್ತದೆ. ದೂರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಆದರೆ ಅಷ್ಟರಲ್ಲಿಯೇ ಸುಮಾರು 500 ಅಡಿ ಏರಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿದವರಿಗೆ ಈ ಎತ್ತರ ಹೊಸದಲ್ಲ. ವ್ಯತ್ಯಾಸವಿಷ್ಟೆ, ಅಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೆಟ್ಟಿಲು, ಇಲ್ಲಿ ಒದ್ದೆಯಾದ ಮರದ ಬೇರು. ಹೆಮ್‌ಲಾಕ್ ಮತ್ತು ಸ್ಪ್ರೂಸ್ ವೃಕ್ಷಗಳ ಬೇರುಗಳು ಹಾದಿಗೆ ಅಡ್ಡಲಾಗಿ ಹೆಣೆದುಕೊಂಡು ತಾವೇ ಮೆಟ್ಟಿಲುಗಳಾಗಿರುತ್ತವೆ. ಮಳೆ ಬಿದ್ದ ದಿನ ಅವುಗಳ ಮೇಲೆ ಕಾಲಿಡದೆ, ನಡುವಣ ಮಣ್ಣಿನಲ್ಲಿ ಕಾಲಿಡುವುದು ಕ್ಷೇಮ. ಎರಡು ಕಡೆಯೂ ಬಂಡೆ, ಬಿದ್ದ ಮರ, ನಿಂತ ಮರ ಎಂಬ ಭೇದವಿಲ್ಲದೆ ಎಲ್ಲದರ ಮೇಲೂ ಪಾಚಿ ದಪ್ಪವಾಗಿ ಹರಡಿಕೊಂಡಿದೆ. ಅಗಲವಾದ ಎಲೆಯ, ದಂಟಿನ ತುಂಬ ಸೂಜಿಮುಳ್ಳಿರುವ ಡೆವಿಲ್ಸ್ ಕ್ಲಬ್ ಎಂಬ ಗಿಡವನ್ನು ಮಾತ್ರ, ಜಾರಿದಾಗ ಆಧಾರಕ್ಕೆಂದು ಕೂಡ ಹಿಡಿಯಬಾರದು. ಮುಳ್ಳು ಅಂಗೈಯಲ್ಲಿ ಮುರಿದು ದಿನಗಟ್ಟಲೆ ನೋಯುತ್ತದೆ. ಅರ್ಧ ಏರಿದ ಮೇಲೆ ಮರಗಳ ನಡುವಿನ ಒಂದು ತೆರಪಿನಲ್ಲಿ ಊರು ಪೂರ್ತಿಯಾಗಿ ಕಾಣುತ್ತದೆ: ನಾಲ್ಕೈದು ಬೀದಿಗಳಷ್ಟೇ ಅಗಲವಾದ, ಉದ್ದುದ್ದಕ್ಕೆ ಚಾಚಿದ ಹಳ್ಳಿ, ಅದರ ಪಕ್ಕದಲ್ಲಿ ಬೂದುಬಣ್ಣದ ನದಿ, ನದಿಗೂ ಊರಿಗೂ ನಡುವೆ ಚಿಕ್ಕ ವಿಮಾನಗಳ ಓಡುದಾರಿ, ಕೊನೆಯಲ್ಲಿ ಹಡಗು.

ಮೇಲೆ ಹೋದರೆ ನೀರು. ಸರೋವರ ದೊಡ್ಡದಲ್ಲ, ಕಪ್ಪು ಹಸಿರು ಬಣ್ಣದ್ದು, ಕಾಡಿನ ನೆರಳಿನಲ್ಲಿ ನೀಳವಾಗಿ ಮಲಗಿರುವುದು. ಇಲ್ಲಿನ ನೀರಿನಿಂದಲೇ ಊರಿಗೆ ವಿದ್ಯುತ್ತನ್ನು ಉತ್ಪಾದಿಸುವ ಏರ್ಪಾಡು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲೇ ಆಯಿತು. ಸುತ್ತಲೂ ಒಂದು ಹಾದಿ ಉಂಟು. ಅದನ್ನು ಬಳಸಿ, ಅಲ್ಲಲ್ಲಿ ಕುಳಿತು, ಇಳಿದು ಬರಲು ಮೂರು ಗಂಟೆ ಸಾಕು. ಇಲ್ಲಿಂದ ಮುಂದೆ ಅಪ್ಪರ್ ಡ್ಯೂಯಿ ಸರೋವರಕ್ಕೆ ಹೋಗುವ ಕಡಿದಾದ ಹಾದಿಯೂ ಇದೆ. ಅದು ಸಮುದ್ರಮಟ್ಟದಿಂದ 3,000 ಅಡಿಗೂ ಮೇಲಿರುವುದರಿಂದ, ಹಡಗು ಇಡೀ ದಿನ ನಿಲ್ಲುವುದಾದರೆ, ಮೊಣಕಾಲು ಗಟ್ಟಿಯಾಗಿದ್ದರೆ, ಬೆಳಗ್ಗೆ ಬೇಗನೆ ಹೊರಡುವುದಾದರೆ ಮಾತ್ರ ಯೋಚಿಸತಕ್ಕದ್ದು.

ಸಿಯಾಟಲಿನಲ್ಲಿಯೋ ಕ್ಯಾಲಿಫೋರ್ನಿಯದಲ್ಲಿಯೋ ನೆಲಸಿರುವ ಮಕ್ಕಳು, ಊರಿನಿಂದ ಬಂದ ತಂದೆತಾಯಿಗಳನ್ನು ಅಲಾಸ್ಕದ ಹಡಗಿಗೆ ಕರೆದೊಯ್ಯುವುದು ಈಗ ನಮ್ಮವರಲ್ಲಿ ರೂಢಿಯಾಗಿದೆ. ಏರಲಾರದ ಹಿರಿಯರಿಗೆ ಪಶ್ಚಿಮದ ದಿಕ್ಕು ಹೆಚ್ಚು ಒಪ್ಪುತ್ತದೆ. ಓಡುದಾರಿಯ ತುದಿಯನ್ನು ಬಳಸಿ, ಸ್ಕ್ಯಾಗ್ವೇ ನದಿಯ ಕಾಲುಸೇತುವೆಯನ್ನು ದಾಟಿದರೆ, ಯಕುಟೇನಿಯ ಎಂಬ ಬಂಡೆಗಳ ಭೂಶಿರಕ್ಕೆ ಹೆಚ್ಚು ಏರಿಳಿತವಿಲ್ಲದ ದಾರಿ ಸಿಗುತ್ತದೆ. ಕಡಲಿಗೆ ಎದುರಾಗಿ ಕುಳಿತುಕೊಳ್ಳಲು ಅಲ್ಲಿ ಜಾಗವುಂಟು. ಶಾಲು ಮಾತ್ರ ಸಾಲದು, ಗಾಳಿಯನ್ನು ತಡೆಯುವ ಅಂಗಿ ಬೇಕು. ಈ ಕಣಿವೆಯ ಗಾಳಿ ಹೆಸರುವಾಸಿಯಾದುದು.

ಉತ್ತರಕ್ಕೆ, ಊರು ಮುಗಿದು ರೈಲಿನ ಅಂಗಳವೂ ಮುಗಿದ ಮೇಲೆ, ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಚಿನ್ನದ ಕಾಲದ ಸ್ಮಶಾನವಿದೆ. ಮರಗಳ ನಡುವೆ ಓರೆಯಾದ ಕಲ್ಲುಗಳು, ಬಿಳಿಯ ಬಣ್ಣ ಬಳಿದ ಮರದ ಫಲಕಗಳು. 1898ರ ಮೊದಲ ತಿಂಗಳುಗಳಲ್ಲಿ ಮೆನಿಂಜೈಟಿಸ್ ರೋಗ ಹರಡಿ, ಚಿನ್ನವನ್ನು ಕಣ್ಣಿನಿಂದ ಕೂಡ ನೋಡದೆ ಸತ್ತ ಚಿಕ್ಕ ವಯಸ್ಸಿನವರು ಹಲವರು. ಇಲ್ಲಿಗೆ ಬರುವವರೆಲ್ಲ ಕೇಳುವುದು ಮಾತ್ರ ಎರಡೇ ಸಮಾಧಿಗಳನ್ನು. ಸೋಪೀ ಸ್ಮಿತ್ ಎಂಬ ಮೋಸಗಾರ ಆ ವರ್ಷ ಊರನ್ನೇ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದ. ತಂತಿಯೇ ಇಲ್ಲದ ಊರಿನಲ್ಲಿ ತಂತಿಕಚೇರಿಯೊಂದನ್ನು ತೆರೆದು, ಮನೆಗೆ ಸುದ್ದಿ ಕಳಿಸುವುದಾಗಿ ಹೇಳಿ ಐದೈದು ಡಾಲರ್ ಕೀಳುತ್ತಿದ್ದನೆಂದು ಕಥೆ ಹೇಳುತ್ತಾರೆ. ಕಡೆಗೆ ಕ್ಲಾಂಡೈಕಿನಿಂದ ಚಿನ್ನದೊಡನೆ ಮರಳಿದವನೊಬ್ಬನ ಚೀಲವನ್ನು ಅವನ ಕಡೆಯವರು ಲಪಟಾಯಿಸಿದಾಗ ಊರಿನವರು ಸಹನೆಗೆಟ್ಟು ಹಡಗುಕಟ್ಟೆಯ ಮೇಲೆ ಸಭೆ ಸೇರಿದರು. ಬಂದೂಕು ಹಿಡಿದು ಅಲ್ಲಿಗೆ ನುಗ್ಗಿದ ಸ್ಮಿತ್‌ನನ್ನು ಫ್ರ್ಯಾಂಕ್ ರೀಡ್ ಎಂಬ ಭೂಮಾಪಕ ತಡೆದ. 1898ರ ಜುಲೈ 8ರ ರಾತ್ರಿ ಇಬ್ಬರೂ ಗುಂಡಿಗೆ ಬಿದ್ದರು. ಸ್ಮಿತ್ ಅಲ್ಲೇ ಸತ್ತ, ರೀಡ್ ಹನ್ನೆರಡು ದಿನ ನರಳಿ ಸತ್ತ. ಮುದುಕ ಮೂರನ ಜಮೀನಿನ ಮೇಲೆ ಬೀದಿ ಎಳೆದವನೂ ಈ ರೀಡನೇ ಎಂಬುದನ್ನು ನೆನೆದರೆ, ಊರಿನ ವೀರರ ಚರಿತ್ರೆಯೂ ಅಷ್ಟೇನೂ ಸರಳವಲ್ಲ ಎನಿಸುತ್ತದೆ. ರೀಡನಿಗೆ ಊರಿನವರು ದೊಡ್ಡ ಕಲ್ಲಿನ ಸ್ಮಾರಕ ನಿಲ್ಲಿಸಿದರು. ಸ್ಮಿತ್‌ನನ್ನು ಸ್ಮಶಾನದ ಎಲ್ಲೆಯ ಹೊರಗೆ ಹೂಳಿದರು. ಜನ ಗುಂಪುಗೂಡುವುದು, ಹೇಳಬೇಕಾಗಿಯೇ ಇಲ್ಲ, ಹೊರಗಿರುವವನ ಬಳಿ. ಸ್ಮಶಾನದ ಹಿಂದೆ ಐದು ನಿಮಿಷ ಏರಿದರೆ ರೀಡನ ಹೆಸರಿನದೇ ಒಂದು ಜಲಪಾತ ಬಂಡೆಗಳ ಮೇಲೆ ಹಂತಹಂತವಾಗಿ ಇಳಿಯುತ್ತದೆ. ಇಲ್ಲಿಗೆ ಬರುವಾಗ ರಸ್ತೆಯನ್ನೇ ಹಿಡಿಯಬೇಕು. ರೈಲುಕಂಬಿಯ ಮೇಲೆ ನಡೆಯುವುದು ನಿಷಿದ್ಧ, ಅಪಾಯಕರವೂ ಹೌದು.

ಈ ಕಂಬಿಯ ಮೇಲೆ ರೈಲು ಓಡುವುದಕ್ಕೆ ಮೊದಲು ಜನ ಕ್ಲಾಂಡೈಕಿಗೆ ಹೇಗೆ ಹೋದರು? ಎರಡು ದಾರಿಗಳಿದ್ದವು. ಸ್ಕ್ಯಾಗ್ವೇಯಿಂದಲೇ ಹೊರಡುವ ವೈಟ್ ಪಾಸ್ ದಾರಿಯಲ್ಲಿ ಹೇರುಕುದುರೆಗಳನ್ನು ಬಳಸಿದರು. ಕೆಸರು, ಬಂಡೆ, ಹಸಿವು, ಒಡೆಯರ ಅಜ್ಞಾನ ಇವೆಲ್ಲ ಸೇರಿ ಅಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತವು. ಇನ್ನೊಂದು, ಪಕ್ಕದ ಕಣಿವೆಯ ಡೈಯೀ ಎಂಬಲ್ಲಿಂದ ಬೆನೆಟ್ ಸರೋವರದವರೆಗೆ 53 ಕಿಲೋಮೀಟರ್ ಸಾಗುವ ಚಿಲ್ಕೂಟ್ ಹಾದಿ. ಅದನ್ನು ಚಿನ್ನದವರು ಕಂಡುಹಿಡಿದದ್ದಲ್ಲ. ಕಡಲತಡಿಯ ಟ್ಲಿಂಗಿಟ್ ಜನ ಮೀನೆಣ್ಣೆಯನ್ನು ಒಳನಾಡಿಗೆ ಒಯ್ದು ತುಪ್ಪುಳಿನ ಚರ್ಮಗಳನ್ನು ತರುತ್ತಿದ್ದ ತಲೆಮಾರುಗಳ ವ್ಯಾಪಾರಮಾರ್ಗ ಅದು, ಅದರ ಮೇಲಿನ ಅಧಿಕಾರವೂ ಬಹುಕಾಲ ಅವರದೇ ಆಗಿತ್ತು. ಕಣಿವೆಯ ನೆತ್ತಿಯಲ್ಲಿ ಕಾವಲಿದ್ದ ಕೆನಡದ ಪೊಲೀಸರು, ಒಂದು ವರ್ಷಕ್ಕೆ ಸಾಲುವಷ್ಟು ಸಾಮಗ್ರಿಯಿಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಆ ಸಾಮಗ್ರಿಯ ತೂಕ ಹೆಚ್ಚುಕಡಿಮೆ ಒಂದು ಟನ್ನು. ಕೂಲಿಗೆ ಹಣವಿಲ್ಲದವನು ಅಷ್ಟನ್ನೂ ತನ್ನ ಬೆನ್ನ ಮೇಲೆಯೇ ಹೊತ್ತು, ಒಂದು ಹೊರೆ ಇಟ್ಟುಬಂದು ಮತ್ತೊಂದಕ್ಕೆ ಹಿಂದಿರುಗಿ, ಮೂವತ್ತು ನಲವತ್ತು ಸಲ ಅದೇ ಏರನ್ನು ಏರಬೇಕಾಗಿತ್ತು. ಕೊನೆಯ ಕಡಿದಾದ ಇಳಿಜಾರಿನಲ್ಲಿ, ಹಿಮದಲ್ಲಿ ಕಡಿದ ಸುಮಾರು ಒಂದೂವರೆ ಸಾವಿರ ಮೆಟ್ಟಿಲುಗಳ ಮೇಲೆ, ಒಬ್ಬನ ಹಿಂದೆ ಒಬ್ಬನಾಗಿ ಕರಿಯ ಸರಪಣಿಯಂತೆ ಏರುತ್ತಿರುವ ಜನರ ಛಾಯಾಚಿತ್ರ ಲೋಕಪ್ರಸಿದ್ಧ. ಚಾರ್ಲಿ ಚಾಪ್ಲಿನ್ನನ 1925ರ ‘ದಿ ಗೋಲ್ಡ್ ರಷ್’ ಚಿತ್ರದ ಆರಂಭದಲ್ಲಿ ಕಾಣುವುದೂ ಈ ದೃಶ್ಯವೇ. ಒಟ್ಟು ಸುಮಾರು ಒಂದು ಲಕ್ಷ ಮಂದಿ ಕ್ಲಾಂಡೈಕಿಗೆಂದು ಮನೆ ಬಿಟ್ಟರೆಂದೂ, ಅಲ್ಲಿಗೆ ಮುಟ್ಟಿದವರು ಮೂವತ್ತು ನಲವತ್ತು ಸಾವಿರವೆಂದೂ, ಚಿನ್ನ ಕಂಡವರು ನಾಲ್ಕು ಸಾವಿರದಷ್ಟೆಂದೂ ಅಂದಾಜು.

1898ರ ಮೇ ತಿಂಗಳಿನಲ್ಲಿ ಆರಂಭವಾದ ವೈಟ್ ಪಾಸ್ ರೈಲುದಾರಿ ಮರುವರ್ಷದ ಫೆಬ್ರುವರಿಯಲ್ಲಿ ಘಾಟಿಯ ನೆತ್ತಿಯನ್ನು ತಲುಪಿತು. 1900ರ ಜುಲೈನಲ್ಲಿ ಯೂಕಾನಿನ ವೈಟ್‌ಹಾರ್ಸ್ ಪಟ್ಟಣದವರೆಗಿನ 177 ಕಿಲೋಮೀಟರ್ ಪೂರ್ಣಗೊಂಡಿತು. ಕಣಿವೆಯ ಅಂಚಿನಲ್ಲಿ ಬಂಡೆಯನ್ನು ಸಿಡಿಸಿ ಹಾಸಿದ, ಮೂರೇ ಅಡಿ ಅಗಲದ ಕಂಬಿ ಅದು. ನೆತ್ತಿಗೆ ಹೋಗುವ ಮೊದಲ 20 ಮೈಲಿಗಳಲ್ಲಿ 2,865 ಅಡಿ ಏರುತ್ತದೆ. 1982ರಲ್ಲಿ ನಿಂತುಹೋಗಿ, 1988ರಲ್ಲಿ ಪ್ರವಾಸಿಗಳಿಗಾಗಿ ಮತ್ತೆ ಚಾಲನೆಗೊಂಡಿತು. ರೈಲನ್ನು ನಿಂದಿಸುವುದು ನನ್ನ ಉದ್ದೇಶವಲ್ಲ, ಅದು ನಿಜಕ್ಕೂ ಅದ್ಭುತವಾದ ದಾರಿ. ಆದರೆ ನೆತ್ತಿಯ ಹತ್ತಿರ ಒಂದೆಡೆ, ಕುದುರೆಗಳ ಹಳೆಯ ಹಾದಿ ಬಂಡೆಯ ಮೇಲೆ ಸಣ್ಣ ಗೀಟಿನಂತೆ ಕಂಡು, ಎಲ್ಲರೂ ಅದನ್ನು ತೋರಿಸಿ ಮುಗಿಸುವಷ್ಟರಲ್ಲಿ ರೈಲು ಮುಂದೆ ಹೋಗಿರುತ್ತದೆ.

ಹಳೆಯ ಹಾದಿಯ ಮೇಲೆಯೇ ಕಾಲಿಡಬೇಕೆನ್ನುವವನು ಡೈಯೀಗೆ ಹೋಗಬಹುದು. ಊರಿನಿಂದ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್. ಬಾಡಿಗೆಯ ಸೈಕಲ್ಲು ಅಥವಾ ಟ್ಯಾಕ್ಸಿ ಬೇಕು. 1898ರಲ್ಲಿ ಸಾವಿರಾರು ಜನರಿದ್ದ, ಹೋಟೆಲುಗಳೂ ಪತ್ರಿಕೆಗಳೂ ಇದ್ದ ಆ ಪಟ್ಟಣದಲ್ಲಿ ಇಂದು ಉಳಿದಿರುವುದು, ಆಸರೆ ಕೊಟ್ಟು ನಿಲ್ಲಿಸಿರುವ ಒಂದು ಅಂಗಡಿಯ ಮರದ ಮುಂಗೋಡೆ, ಹಡಗುಕಟ್ಟೆಯ ಮೊಂಡು ಕಂಬಗಳ ಸಾಲು, ಮತ್ತು ಆ ವರ್ಷದ ಏಪ್ರಿಲ್ 3ರಂದು ಚಿಲ್ಕೂಟ್ ಹಾದಿಯಲ್ಲಿ ಹಿಮ ಕುಸಿದು ಸತ್ತವರ ಸ್ಮಶಾನ. ಅಲ್ಲಿ ದಡದ ಬಳಿ ಕಡಲಿನ ಆಳ ತೀರ ಕಡಿಮೆ. ಇಳಿತದ ವೇಳೆ ಮೈಲಿಗಟ್ಟಲೆ ಕೆಸರು. ದೊಡ್ಡ ಹಡಗು ಬರಲಾರದ ಆ ರೇವಿಗೆ ರೈಲೂ ಬರಲಿಲ್ಲವಾಗಿ ಪಟ್ಟಣ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಹಿಮದ ಭಾರ ಕಳೆದುಕೊಂಡ ಈ ಸೀಮೆಯ ನೆಲ ವರ್ಷವರ್ಷವೂ ಸುಮಾರು ಒಂದು ಬೆರಳಗಲ ಮೇಲೇಳುತ್ತಿರುವುದರಿಂದ, ಆಗ ನೀರಿನಲ್ಲಿ ನಿಂತಿದ್ದ ಕಂಬಗಳು ಈಗ ಹುಲ್ಲಿನ ನಡುವೆ ನಿಂತಿವೆ. ಚಿಲ್ಕೂಟ್ ಹಾದಿಯ ಆರಂಭ ಇಲ್ಲಿಂದಲೇ. ಪೂರ್ತಿ ಹೋಗಲು ಹಲವು ದಿನಗಳೂ ಪರವಾನಗಿಯೂ ಬೇಕು, ಮೊದಲ ಒಂದೆರಡು ಮೈಲಿ ಹೋಗಿಬರಲು ಯಾವುದೂ ಬೇಕಿಲ್ಲ.

ಕಾಡಿನ ಯಾವ ಹಾದಿಯಲ್ಲಿಯೂ ಗಟ್ಟಿಯಾಗಿ ಮಾತನಾಡುತ್ತ ನಡೆಯುವುದು ಒಳ್ಳೆಯದು, ಕರಡಿ ಸದ್ದು ಕೇಳಿ ತಾನೇ ಸರಿದುಕೊಳ್ಳುತ್ತದೆ; ಇದಕ್ಕೆ ನಮ್ಮವರಿಗೆ ವಿಶೇಷ ತರಬೇತಿ ಬೇಕಾಗಲಾರದು. ತಿಂಡಿಯ ಪೊಟ್ಟಣಗಳನ್ನು ದಾರಿಯಲ್ಲಿ ಬಿಡಬಾರದು. ಹಳ್ಳದ ನೀರು ಎಷ್ಟು ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬಾರದು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಅಮೆರಿಕದ ವೀಸಾ ಹೇಗೂ ಬೇಕು. ಹಡಗು ವ್ಯಾಂಕೂವರಿನಿಂದ ಹೊರಡುವುದಾದರೆ, ಅಥವಾ ರೈಲಿನಲ್ಲೋ ರಸ್ತೆಯಲ್ಲೋ ಘಾಟಿ ದಾಟಿ ಯೂಕಾನಿನತ್ತ ಇಳಿಯುವ ಆಸೆಯಿದ್ದರೆ, ಕೆನಡದ ವೀಸಾ ಕೂಡ ಕೈಯಲ್ಲಿರಬೇಕು.

ಇನ್ನು ಕಾಲದ ವಿಚಾರ. ಅಲಾಸ್ಕದ ಗಡಿಯಾರ ಸಿಯಾಟಲಿನದಕ್ಕಿಂತ ಒಂದು ಗಂಟೆ ಹಿಂದೆ. ಕೈಯಲ್ಲಿರುವ ಫೋನು ತಾನಾಗಿ ಊರಿನ ಸಮಯಕ್ಕೆ ಬದಲಾದೀತು, ಹಡಗು ಯಾವ ಸಮಯವನ್ನು ಅನುಸರಿಸುತ್ತಿದೆ ಎಂಬುದನ್ನು ಇಳಿಯುವ ಮುನ್ನ ಕೇಳಿ ತಿಳಿದುಕೊಳ್ಳಬೇಕು. ಹಡಗಿನವರೇ ಮಾರಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾನಾಗಿ ಹೋದವನಿಗಾಗಿ ಕಾಯುವುದಿಲ್ಲ. ಬಿಟ್ಟುಹೋದರೆ, ಮುಂದಿನ ರೇವಿಗೆ ಸರಕಾರಿ ದೋಣಿಯಲ್ಲಿಯೋ ಚಿಕ್ಕ ವಿಮಾನದಲ್ಲಿಯೋ ಸ್ವಂತ ಖರ್ಚಿನಿಂದ ಹೋಗಿ ಹಡಗನ್ನು ಹಿಡಿಯಬೇಕು. ಮೋಡ ಕವಿದ ದಿನ ವಿಮಾನ ಹಾರದಿರುವುದುಂಟು, ದೋಣಿ ದಿನವೂ ಇರುವುದಿಲ್ಲ. ಆದಕಾರಣ ಹೊರಡುವ ವೇಳೆಗೆ ಒಂದು ಗಂಟೆ ಮೊದಲೇ ಕಟ್ಟೆಗೆ ಬಂದರೆ ಜಾಣತನ. ಬೇಗ ಬಂದವನಿಗೆ ಬೇಸರವೂ ಆಗುವುದಿಲ್ಲ: ರೈಲುಕಟ್ಟೆ ಎಂದು ಕರೆಯುವ ಹಡಗುಕಟ್ಟೆಯ ಮೇಲಿರುವ ಬಂಡೆಗೋಡೆಯ ತುಂಬ, ತಲೆಮಾರುಗಳಿಂದ ಇಲ್ಲಿಗೆ ಬಂದ ಹಡಗುಗಳ ನಾವಿಕರು ತಮ್ಮ ಹಡಗಿನ ಹೆಸರು, ಕಪ್ತಾನನ ಹೆಸರು, ಮೊದಲು ಬಂದ ತಾರೀಖು ಇವುಗಳನ್ನು ಬಣ್ಣದಲ್ಲಿ ಬರೆದಿಟ್ಟಿದ್ದಾರೆ, ಹಗ್ಗ ಕಟ್ಟಿಕೊಂಡು ಇಳಿದು ಬರೆದಂತೆ ಕಾಣುವ ಎತ್ತರದಲ್ಲಿ ಕೆಲವು, ಕೈಗೆಟಕುವಲ್ಲಿ ಕೆಲವು, ಮಾಸಿಹೋಗಿ ಅರ್ಧ ಅಕ್ಷರ ಉಳಿದವು ಕೆಲವು. ಕೆಲವರು ಹಡಗಿನ ಹೆಸರಿಗಿಂತ ಕಪ್ತಾನನ ಹೆಸರನ್ನು ದೊಡ್ಡದಾಗಿ ಬರೆದಿದ್ದಾರೆ.